ಮಂಡಿಯಲ್ಲಿ 25 ವರ್ಷ ದುಡಿದ ಅಪ್ಪಯ್ಯನಿಗೆ 1 ಲಕ್ಷ ಕೊಟ್ಟು ಸಹಿ ಹಾಕಿಸಿಕೊಂಡರು, ಈಗ ಗ್ರಾಚ್ಯುಟಿ ಕೇಳಬಹುದಾ?

ಗುಮಾಸ್ತರ ಮಗ
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ತಾಲೂಕು, ಈಗ ಶಿವಮೊಗ್ಗದಲ್ಲಿ ಇದ್ದೇವೆ. ನಮ್ಮ ಅಪ್ಪಯ್ಯ ಇಲ್ಲಿ ಒಂದು ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. 1999ರ ಅಕ್ಟೋಬರ್‌ನಲ್ಲಿ ಸೇರಿದ್ದು, 2025ರ ಜೂನ್ ಕೊನೆಗೆ ಬಿಟ್ಟರು. ಪಟ್ಟಿ (ಮಾರಾಟದ ಲೆಕ್ಕದ ಚೀಟಿ) ಬರೆಯುವುದು, ಬೆಳೆಗಾರರ ಖಾತೆ ನೋಡುವುದು, ಟೆಂಡರ್ ದಿನ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯನ್ನು ಬೇರೆ ಬೇರೆ ಮಾಡಿಸಿ ಇಡಿಸುವುದು, ಎಲ್ಲಾ ಅವರದೇ. ಕೊನೆಯ ಸಂಬಳ 18,200. ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ನೇಮಕದ ಆರ್ಡರ್ ಅಂತೂ ಇಲ್ಲವೇ ಇಲ್ಲ.

ಕಣ್ಣು ಮಂಜಾಗಿ ಲೆಕ್ಕ ಬರೆಯಲು ಆಗದೆ ಬಿಟ್ಟಾಗ ಸಾಹುಕಾರರು ಶಾಲು ಹೊದಿಸಿ 1 ಲಕ್ಷದ ಚೆಕ್ ಕೊಟ್ಟರು. ಜೊತೆಗೆ ಒಂದು ಕಾಗದಕ್ಕೆ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿಯನ್ನೂ ಹಾಕಿಸಿಕೊಂಡರು. "ನನಗೆ ಬರಬೇಕಾದ್ದೆಲ್ಲ ಸಂದಿದೆ, ಮುಂದೆ ಯಾವ ತಕರಾರೂ ಇಲ್ಲ" ಅಂತ ಅದರಲ್ಲಿದೆ. ಈಗ ಯಾರೋ ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಡುವಾಗ ಮಾಲೀಕರು ಕೊಡಬೇಕಾದ ಹಣ, ಬರಬೇಕಿತ್ತಲ್ಲ ಅಂದರು. ಅಪ್ಪಯ್ಯನಿಗೆ ಕೇಳುವುದೇ ಇಷ್ಟವಿಲ್ಲ. ಅಕ್ಕನ ಮದುವೆಗೆ 2014ರಲ್ಲಿ ಸಾಹುಕಾರರು 60,000 ಕೈಗಡ ಕೊಟ್ಟಿದ್ದರು, ಅದರಲ್ಲಿ ಸ್ವಲ್ಪ ಹಾಗೇ ಉಳಿದಿದೆಯಂತೆ. ಆ ಮಾತು ಎತ್ತಿದರೆ ಏನು ಮಾಡುವುದು ಅನ್ನೋ ಹೆದರಿಕೆ. ತಿಳಿದವರು ಹೇಳಿ.

ಭದ್ರಾವತಿ ಲೋಕಲ್
ನಮ್ಮೂರಲ್ಲಿ ಕಾರ್ಖಾನೆ ಕೆಲಸದವರ ಮನೆಯ ಮಕ್ಕಳಿಗೂ ಗ್ರಾಚ್ಯುಟಿ ಲೆಕ್ಕ ಬಾಯಿಪಾಠ. ಮಂಡಿ, ಅಂಗಡಿ, ಹೋಟೆಲ್ ಕಡೆ ದುಡಿದವರಿಗೆ ಮಾತ್ರ ಆ ಹೆಸರೇ ಗೊತ್ತಿರುವುದಿಲ್ಲ. ಲೆಕ್ಕ ಸುಲಭ. ಕೊನೆಯ ತಿಂಗಳ ಮೂಲ ವೇತನಕ್ಕೆ ಡಿಎ (ತುಟ್ಟಿಭತ್ಯೆ) ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ. ಅದು ಒಂದು ವರ್ಷದ್ದು. 18,200ಕ್ಕೆ 10,500 ಬರುತ್ತದೆ. ನಿಮ್ಮ ಅಪ್ಪಯ್ಯನ ಸರ್ವಿಸ್ 25 ವರ್ಷ 8 ತಿಂಗಳಿಗಿಂತ ಜಾಸ್ತಿ ಅಲ್ವಾ, ಕೊನೆಯ ತುಂಡು 6 ತಿಂಗಳು ದಾಟಿದರೆ ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ, ಹಾಗಾಗಿ 26. ಒಟ್ಟು 2,73,000. 1 ಲಕ್ಷ ಕಳೆದರೂ 1,73,000 ಬಾಕಿ ಇದೆ ಮಾರಾಯ್ರೆ.

ಅಡಿಕೆಗೊನೆ
ಲೆಕ್ಕ ಸರಿ ಇರಬಹುದು. ಆದರೆ ಮದುವೆಗೆ ದುಡ್ಡು ಕೊಟ್ಟವರ ಮೇಲೆ ಕೇಸು ಹಾಕುವುದು ಯಾಕೋ ಸರಿ ಕಾಣುವುದಿಲ್ಲ. ಮಂಡಿ ಅಂದರೆ ಕಂಪನಿ ಅಲ್ಲ. ಅಲ್ಲಿ ಮುಖ ನೋಡಿಕೊಂಡು ವ್ಯವಹಾರ ನಡೆಯುತ್ತದೆ. ನಾಳೆ ನಿಮ್ಮ ಮನೆಯ ಅಡಿಕೆ ಎಲ್ಲಿಗೆ ಹಾಕುತ್ತೀರಿ?

ಭದ್ರಾವತಿ ಲೋಕಲ್
ಮುಖ ನೋಡಿಕೊಂಡೇ ನಡೆಯುವುದಾದರೆ ಸ್ಟಾಂಪ್ ಹಚ್ಚಿ ಸಹಿ ಯಾಕೆ ಬೇಕಿತ್ತು ಅಣ್ಣ? ಅವರಿಗೆ ಕಾನೂನು ಗೊತ್ತಿತ್ತು ಅಂತ ಅಲ್ಲೇ ಗೊತ್ತಾಗುತ್ತದೆ.

ಕೋರ್ಟ್ ರಸ್ತೆ
ನಾನು ಶಿವಮೊಗ್ಗದಲ್ಲಿ ಕಾರ್ಮಿಕ ಪ್ರಕರಣಗಳನ್ನು ನಡೆಸುವ ವಕೀಲ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೊದಲು ನೋಡಬೇಕಾದ್ದು ಸಹಿಯೂ ಅಲ್ಲ, ಸಂಬಂಧವೂ ಅಲ್ಲ. ಮಂಡಿಯಲ್ಲಿ 10 ಜನ ಇದ್ದರಾ ಅನ್ನೋದು. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆ ಅಂಗಡಿ, ವಾಣಿಜ್ಯ ಸಂಸ್ಥೆಗಳಿಗೆ ತಾಗುವುದು 10 ಅಥವಾ ಹೆಚ್ಚು ನೌಕರರಿದ್ದರೆ ಮಾತ್ರ. ಇಡೀ ವರ್ಷ 10 ಜನ ಇರಬೇಕು ಅಂತಿಲ್ಲ. ಹಿಂದಿನ 12 ತಿಂಗಳಲ್ಲಿ ಯಾವುದೋ ಒಂದು ದಿನ ಇದ್ದರೂ ಸಾಕು. ಒಮ್ಮೆ ಕಾಯ್ದೆ ತಾಗಿದ ಮೇಲೆ ಜನ ಕಡಿಮೆಯಾದರೂ ಅದು ಬಿಡುವುದಿಲ್ಲ. ಬಹಳ ಮಾಲೀಕರು "ಈಗ ನಮ್ಮಲ್ಲಿ 7 ಜನ ಮಾತ್ರ" ಅಂತ ಬರುತ್ತಾರೆ. ಆ ಮಾತು ನಿಲ್ಲುವುದಿಲ್ಲ.

ಎರಡನೆಯದು ನಿಮ್ಮ ಸಹಿ. ಸೆಕ್ಷನ್ 14ರ ಪ್ರಕಾರ ಈ ಕಾಯ್ದೆಗೆ ವಿರುದ್ಧವಾದ ಯಾವ ಕರಾರಿಗಿಂತಲೂ ಕಾಯ್ದೆಯೇ ಮೇಲು. ಪೂರ್ತಿ ಸಂದಿದೆ ಅಂತ ಬರೆಸಿಕೊಂಡ ಚೀಟಿಯಿಂದ 2,73,000 ಅನ್ನೋದು 1,00,000 ಆಗುವುದಿಲ್ಲ. ಕೊಟ್ಟ 1 ಲಕ್ಷ ಗ್ರಾಚ್ಯುಟಿ ಬಾಬತ್ತೇ ಅಂತ ಅವರು ತೋರಿಸಿದರೆ ಅಷ್ಟು ಕಳೆಯುತ್ತಾರೆ, ಅದು ನ್ಯಾಯವೇ. ಆ ಚೀಟಿಯಿಂದ ನಿಮಗೆ ಇನ್ನೊಂದು ಲಾಭವೂ ಇದೆ. ನಿಮ್ಮ ಅಪ್ಪಯ್ಯ ಅಲ್ಲಿ ನೌಕರರಾಗಿದ್ದರು ಅಂತ ಮಾಲೀಕರೇ ಬರೆದು ಒಪ್ಪಿಕೊಂಡ ಹಾಗಾಯಿತು. ಅದರ ಫೋಟೋ ಇದೆಯಾ?

ಮೂರನೆಯದು ಕೈಗಡ. ಗ್ರಾಚ್ಯುಟಿಯನ್ನು ಕೋರ್ಟ್ ಡಿಕ್ರಿಯಲ್ಲೂ ಜಪ್ತಿ ಮಾಡಲು ಬರುವುದಿಲ್ಲ, ಸೆಕ್ಷನ್ 13 ಓದಿ. ಸಾಲ ಬೇರೆ, ಇದು ಬೇರೆ. ಸಾಲ ಇದ್ದರೆ ಅವರು ಸಿವಿಲ್ ದಾವೆ ಹಾಕಬೇಕು. ಅದಕ್ಕೂ 3 ವರ್ಷದ ಕಾಲಮಿತಿ ಇದೆ. ಹಾಗಂತ ಉಳಿದದ್ದು ಕೊಡಬೇಡಿ ಅಂತ ನಾನು ಹೇಳುತ್ತಿಲ್ಲ. ಕೊಡುವ ಮನಸ್ಸಿದ್ದರೆ ಗ್ರಾಚ್ಯುಟಿ ಬಂದ ಮೇಲೆ ಪ್ರತ್ಯೇಕವಾಗಿ ರಶೀದಿ ತಗೊಂಡು ಕೊಡಿ. ಎರಡನ್ನೂ ಒಂದೇ ಮಾತಿನಲ್ಲಿ ತೀರಿಸಲು ಕೂತರೆ ಲೆಕ್ಕ ಗೊತ್ತಿದ್ದವರೇ ಗೆಲ್ಲುತ್ತಾರೆ.

ಗುಮಾಸ್ತರ ಮಗ
ತುಂಬಾ ಥ್ಯಾಂಕ್ಸ್ ಸರ್. ಚೀಟಿಯ ಫೋಟೋ ಅಕ್ಕನ ಮೊಬೈಲಿನಲ್ಲಿದೆ. ಜನ ಎಷ್ಟು ಅಂದರೆ, ಗುಮಾಸ್ತರು 4, ಕ್ಯಾಷ್ ನೋಡುವವರು 1, ಗೋದಾಮಿನಲ್ಲಿ 3, ಡ್ರೈವರ್ 2, ವಾಚ್‌ಮನ್, ಕಸ ಗುಡಿಸುವ ಅಮ್ಮ. ಹಮಾಲರು ಬೇರೆ. ಆದರೆ ಇವರಲ್ಲಿ ಅರ್ಧ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅಪ್ಪಯ್ಯ ಪ್ರತಿ ವರ್ಷ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಒಂದು ತಿಂಗಳು ಊರಿಗೆ ಹೋಗುತ್ತಿದ್ದರು, ಸಂಬಳ ಇಲ್ಲದೆ. ಅದರಿಂದ ಸರ್ವಿಸ್ ತುಂಡಾಗುತ್ತದಾ?

ಕೋರ್ಟ್ ರಸ್ತೆ
ತುಂಡಾಗುವುದಿಲ್ಲ. 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಆ ವರ್ಷ ನಿರಂತರ ಸೇವೆ ಅಂತಲೇ ಲೆಕ್ಕ. ತಿಂಗಳು ಬಿಟ್ಟರೂ 240 ಆರಾಮಾಗಿ ದಾಟುತ್ತದೆ.

ಹಮಾಲರನ್ನು ಬಿಟ್ಟೇ ಎಣಿಸಿ. ಅವರು ಎಪಿಎಂಸಿ ಲೈಸೆನ್ಸ್ ಇರುವವರು, ನಮ್ಮ ನೌಕರರಲ್ಲ ಅಂತ ಮಂಡಿಯವರು ವಾದ ಎತ್ತುತ್ತಾರೆ. ಆ ಜಗಳಕ್ಕೆ ನೀವು ಹೋಗುವುದೇ ಬೇಡ, ಅವರಿಲ್ಲದೆಯೇ 12 ಆಯಿತಲ್ಲ.

ಹೆಸರು ಪುಸ್ತಕದಲ್ಲಿ ಇಲ್ಲದ್ದು ಎಲ್ಲಾ ಕಡೆ ಇರುವ ಕಥೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಶುಲ್ಕ ನೌಕರರ ಸಂಖ್ಯೆಯ ಮೇಲೆ ಏರುತ್ತದೆ, ಹಾಗಾಗಿ ಅಲ್ಲಿ ಕಡಿಮೆ ಬರೆಸುವುದು ರೂಢಿ. ಆದರೂ ಆರ್‌ಟಿಐ ಹಾಕಿ ಹಳೆಯ ನೋಂದಣಿ ಪ್ರತಿಗಳನ್ನು ತೆಗೆಸಿ, ಯಾವುದೋ ಒಂದು ವರ್ಷ 10 ಅಂತ ಬರೆದುಬಿಟ್ಟಿರುತ್ತಾರೆ. ಆಮೇಲೆ ಆಯುಧಪೂಜೆ ಫೋಟೋ ಹುಡುಕಿ. ನಗಬೇಡಿ, ತಮಾಷೆಗೆ ಹೇಳುತ್ತಿಲ್ಲ. ಇಡೀ ಮಂಡಿಯ ಜನ ತಕ್ಕಡಿ ಮುಂದೆ ಸಾಲಾಗಿ ನಿಂತಿರುತ್ತಾರೆ, ಯಾರು ಯಾರು ಅಂತ ಅಪ್ಪಯ್ಯ ಒಬ್ಬೊಬ್ಬರನ್ನೇ ಗುರುತಿಸಿ ಸಾಕ್ಷಿ ಹೇಳಬಹುದು. ಅದೊಂದೇ ಸಾಲದು, ಆದರೆ ಬೇರೆ ಸಾಕ್ಷಿಯ ಜೊತೆ ಚೆನ್ನಾಗಿ ನಿಲ್ಲುತ್ತದೆ.

ದೊಡ್ಡ ಸಾಕ್ಷಿ ಅಂದರೆ ಅಪ್ಪಯ್ಯನ ಕೈಬರಹ. 25 ವರ್ಷ ಬೆಳೆಗಾರರಿಗೆ ಬರೆದುಕೊಟ್ಟ ಪಟ್ಟಿಗಳು ಹಳ್ಳಿ ಮನೆಗಳ ಟ್ರಂಕಿನಲ್ಲಿ ಇದ್ದೇ ಇರುತ್ತವೆ. ಬೇರೆ ಬೇರೆ ವರ್ಷದ್ದು ಒಂದೊಂದು ಸಿಕ್ಕರೂ ಸಾಕು. ಪಾಸ್‌ಬುಕ್ಕಿನಲ್ಲಿ ಸಂಬಳ ಬಿದ್ದಿದ್ದರೆ ಇನ್ನೂ ಒಳ್ಳೆಯದು.

ಮಾಸ್ತರ್ ತೀರ್ಥಹಳ್ಳಿ
ಮಧ್ಯೆ ಬಂದದ್ದಕ್ಕೆ ಬೇಸರ ಬೇಡ. ನಮ್ಮ ಮನೆಯವರು ಇಲ್ಲಿ ಒಂದು ಖಾಸಗಿ ಶಾಲೆಯಲ್ಲಿ 14 ವರ್ಷ ಪಾಠ ಮಾಡಿದ್ದಾರೆ. ಪ್ರತಿ ಏಪ್ರಿಲ್‌ಗೆ ಕೆಲಸದಿಂದ ಬಿಡಿಸಿ ಜೂನ್‌ಗೆ ಹೊಸ ಆರ್ಡರ್ ಕೊಡುತ್ತಾರೆ. ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಅಂತ ಆಡಳಿತ ಮಂಡಳಿಯವರು ಹೇಳುತ್ತಾರೆ. ಹೌದಾ ಸರ್?

ಕೋರ್ಟ್ ರಸ್ತೆ
ಹಿಂದೆ ಹೌದು, ಈಗ ಅಲ್ಲ. ಶಿಕ್ಷಕರು ಕಾಯ್ದೆಯ "ನೌಕರ" ವ್ಯಾಖ್ಯೆಗೆ ಬರುವುದಿಲ್ಲ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಸಂಸತ್ತು 2009ರಲ್ಲಿ ತಿದ್ದುಪಡಿ ತಂದು 1997ರ ಏಪ್ರಿಲ್ 3ರಿಂದಲೇ ಅನ್ವಯ ಅಂತ ಮಾಡಿತು. ಶಾಲೆಗಳವರು ಅದನ್ನು ಪ್ರಶ್ನೆ ಮಾಡಿದರು, 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು. ಏಪ್ರಿಲ್-ಜೂನ್ ಆಟಕ್ಕೂ 240 ದಿನದ ಉತ್ತರವೇ. ಹಾಜರಿ ಪುಸ್ತಕದ ಫೋಟೋ ಇದ್ದರೆ ಇಟ್ಟುಕೊಳ್ಳಿ.

ತೋಟದ ಯಜಮಾನ
ಹಾಗಾದರೆ ನಮ್ಮ ಅಡಿಕೆ ತೋಟಕ್ಕೆ ಬರುವ ಆಳುಗಳಿಗೂ ನಾಳೆ ಗ್ರಾಚ್ಯುಟಿ ಕೊಡಬೇಕು ಅನ್ನುತ್ತೀರಾ? ಕೊಳೆರೋಗ, ಎಲೆಚುಕ್ಕಿ, ಈಗ ಇದೊಂದು ಬಾಕಿ ಇತ್ತು.

ಕೊಪ್ಪದ ರೈಟರ್
ಯಜಮಾನರೇ, ಗಾಬರಿ ಬೇಡ. ನಾನು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವನು. 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಪ್ಲಾಂಟೇಶನ್ ಅಂದರೆ 1951ರ ಪ್ಲಾಂಟೇಶನ್ ಕಾರ್ಮಿಕ ಕಾಯ್ದೆಯಲ್ಲಿ ಹೇಳಿದ್ದು ಅಂತಿತ್ತು. ಕಾಫಿ, ಚಹಾ, ರಬ್ಬರ್, ಏಲಕ್ಕಿ, ಸಿಂಕೋನಾ. 5 ಹೆಕ್ಟೇರ್ ಇದ್ದು 15 ಜನ ಕೆಲಸಕ್ಕಿರಬೇಕಿತ್ತು. ಆ ಪಟ್ಟಿಯಲ್ಲಿ ಅಡಿಕೆ ಹೆಸರಿರಲಿಲ್ಲ. ಎಸ್ಟೇಟಿನ ಕಾರ್ಮಿಕರಿಗೆ ಸಿಗುವುದು ಪಕ್ಕದ ಅಡಿಕೆ ತೋಟದ ಆಳಿಗೆ ಸಿಗುವುದಿಲ್ಲ, ಬೇಲಿ ಒಂದೇ ಆದರೂ. ನನಗೇನೋ ಇದು ಸರಿ ಅನ್ನಿಸುವುದಿಲ್ಲ, ಆದರೆ ಕಾನೂನು ಇರುವುದು ಹಾಗೆ.

ಸಾಗರದ ಟೆಕ್ಕಿ
ಇಷ್ಟೆಲ್ಲ ಮಾತಾಡುವಾಗ ನನ್ನದೂ ಒಂದು ಕೇಳಿಬಿಡುತ್ತೇನೆ. ಸಾಗರದ ಮನೆಯಿಂದಲೇ ಬೆಂಗಳೂರಿನ ಒಂದು ಸ್ಟಾರ್ಟಪ್‌ಗೆ ಕೆಲಸ ಮಾಡುತ್ತಿದ್ದೆ, ಹುದ್ದೆ ದೊಡ್ಡದೇ. ಸಂಬಳ ಕಡಿಮೆ, ಇಸಾಪ್ (ಕಂಪನಿಯ ಷೇರನ್ನು ಮೊದಲೇ ನಿಗದಿಯಾದ ಬೆಲೆಗೆ ಕೊಳ್ಳುವ ಆಪ್ಷನ್) ಜಾಸ್ತಿ ಅಂತ ಒಪ್ಪಿಕೊಂಡಿದ್ದೆ. ಈಗ ಬಿಟ್ಟೆ. ವೆಸ್ಟ್ ಆದ (ನನ್ನ ಹಕ್ಕಿಗೆ ಬಂದ) 5,000 ಆಪ್ಷನ್‌ಗಳನ್ನು 90 ದಿನದೊಳಗೆ ಎಕ್ಸರ್‌ಸೈಜ್ ಮಾಡಬೇಕು, ಅಂದರೆ ದುಡ್ಡು ಕಟ್ಟಿ ಷೇರು ತಗೊಳ್ಳಬೇಕು, ಇಲ್ಲದಿದ್ದರೆ ಹೋಯಿತು ಅನ್ನುತ್ತಾರೆ. ಎಕ್ಸರ್‌ಸೈಜ್ ಬೆಲೆ 10 ರೂಪಾಯಿ, ಈಗಿನ ಮೌಲ್ಯ 410 ಅಂತೆ. ಲಾಭವೇ ಅಲ್ವಾ, ಸುಮ್ನೆ ತಗೊಳ್ಳಲಾ?

ಅಡಿಕೆಗೊನೆ
ಮಂಡಿ ಗುಮಾಸ್ತರ ಕಷ್ಟದ ಮಧ್ಯೆ ಇವರ ಷೇರು ಬೇರೆ.

ಹೊಸನಗರ ಟು ಬೆಂಗಳೂರು
ಬಿಡಿ ಅಣ್ಣ, ಎರಡೂ ಒಂದೇ ಜಾತಿಯ ಕಷ್ಟ. ಅಲ್ಲಿ ಕಾಗದ ಇಲ್ಲ, ಇಲ್ಲಿ ಕಾಗದ ಓದಿಲ್ಲ. ನಾನು ಕಂಪನಿ ಕಾನೂನು ನೋಡುವವಳು, ಇದಕ್ಕೆ ನಾನು ಹೇಳುತ್ತೇನೆ.

ಟೆಕ್ಕಿಯವರೇ, ತಗೊಳ್ಳುವ ಮುಂಚೆ ತೆರಿಗೆ ನೋಡಿ. ಒಂದು ಷೇರಿಗೆ 400 ವ್ಯತ್ಯಾಸ, 5,000ಕ್ಕೆ 20 ಲಕ್ಷ. ಈ 20 ಲಕ್ಷವನ್ನು ಸಂಬಳದ ಭಾಗ ಅಂತಲೇ ಹಿಡಿಯುತ್ತಾರೆ, ನೀವು ಒಂದು ಷೇರೂ ಮಾರದಿದ್ದರೂ. ಶೇ. 30ರ ಹಂತದಲ್ಲಿದ್ದರೆ ಸೆಸ್ ಸೇರಿ 6,24,000 ತೆರಿಗೆ. ಮೇಲೆ ಷೇರಿನ ಬೆಲೆ 50,000. ಕೈಯಿಂದ ಪೌಣೆ 7 ಲಕ್ಷ ಹಾಕಿ ನೀವು ತಗೊಳ್ಳುವುದು ಮಾರುಕಟ್ಟೆಯಲ್ಲಿ ಇಲ್ಲದ ಷೇರು. ಆ 410 ಕೂಡ ಮರ್ಚೆಂಟ್ ಬ್ಯಾಂಕರ್ ಕೊಟ್ಟ ಮೌಲ್ಯ, ಯಾರೋ ಆ ಬೆಲೆಗೆ ಕೊಳ್ಳಲು ನಿಂತಿದ್ದಾರೆ ಅಂತಲ್ಲ.

ಸ್ಟಾರ್ಟಪ್‌ಗಳಿಗೆ ಈ ತೆರಿಗೆ ಮುಂದೂಡುವ ಅವಕಾಶ 2020ರಿಂದ ಇದೆ ಅಂತ ಯಾರಾದರೂ ಹೇಳಬಹುದು. ಅದು ಸಿಗುವುದು ಸರ್ಕಾರದ ಪ್ರಮಾಣಪತ್ರ ಇರುವ ಕೆಲವೇ ಸ್ಟಾರ್ಟಪ್‌ಗಳಲ್ಲಿ. ಅಲ್ಲೂ ಕೆಲಸ ಬಿಟ್ಟ ದಿನಕ್ಕೆ ಮುಂದೂಡಿಕೆ ಮುಗಿಯುತ್ತದೆ. ಬಿಟ್ಟವರಿಗೆ ಅದರಿಂದ ಏನೂ ಪ್ರಯೋಜನವಿಲ್ಲ.

90 ದಿನ ಅನ್ನೋದು ಕಾನೂನಲ್ಲ. ಕಾನೂನು ಹೇಳುವುದು ಆಪ್ಷನ್ ಕೊಟ್ಟು ಕನಿಷ್ಠ 1 ವರ್ಷ ಆದ ಮೇಲೆ ವೆಸ್ಟ್ ಆಗಬೇಕು ಅಂತ. ಬಿಟ್ಟ ಮೇಲೆ ಎಷ್ಟು ದಿನ ಅನ್ನೋದು ಕಂಪನಿಯ ಇಸಾಪ್ ಯೋಜನೆಯಲ್ಲಿ ಇರುತ್ತದೆ, ಕೆಲವು ಕಂಪನಿಗಳು ವರ್ಷಗಟ್ಟಲೆ ಕೊಡುತ್ತವೆ. ಆ ಯೋಜನೆಯ ಪೂರ್ತಿ ಪ್ರತಿ ಕೇಳಿ ತಗೊಳ್ಳಿ. ಆಫರ್ ಲೆಟರಿನ 2 ಸಾಲು ನೋಡಿಕೊಂಡು ನಿರ್ಧಾರ ಮಾಡಬೇಡಿ. ಅವಧಿ ವಿಸ್ತರಿಸುವ ಅಧಿಕಾರ ಬೋರ್ಡಿಗೆ ಇದ್ದರೆ ಬರೆದು ಕೇಳಿ. ನಿಮ್ಮಂಥ ಹುದ್ದೆಯವರು ಸೇರುವ ದಿನ ಸಂಬಳಕ್ಕೆ ಜಗ್ಗಾಡುತ್ತಾರೆ, ಈ ಒಂದು ಸಾಲಿಗೆ ಜಗ್ಗಾಡುವುದಿಲ್ಲ. ಆಗ ಕೇಳಿದರೆ ಕೊಡುತ್ತಾರೆ, ಬಿಡುವಾಗ ಕೇಳಿದರೆ ಕಷ್ಟ.

ಸಾಗರದ ಟೆಕ್ಕಿ
ಅಬ್ಬಾ. 6 ಲಕ್ಷ ತೆರಿಗೆ ಅಂತ ಎಚ್‌ಆರ್ ಬಾಯಿಬಿಟ್ಟಿರಲಿಲ್ಲ. ಇನ್ನೊಂದು, 21 ನವೆಂಬರ್ 2025ರಿಂದ ಹೊಸ ಕಾರ್ಮಿಕ ಸಂಹಿತೆ ಬಂತಲ್ಲ, ಅದರಲ್ಲಿ 1 ವರ್ಷಕ್ಕೇ ಗ್ರಾಚ್ಯುಟಿ ಅಂತ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ನನಗೆ 3 ವರ್ಷ ಆಗಿತ್ತು.

ಹೊಸನಗರ ಟು ಬೆಂಗಳೂರು
ಅರ್ಧ ನಿಜ. 1 ವರ್ಷದ್ದು ನಿಗದಿತ ಅವಧಿಯ ಕರಾರಿನ ಮೇಲೆ ಇರುವವರಿಗೆ. ಖಾಯಂ ನೌಕರರಿಗೆ 5 ವರ್ಷವೇ. ಸಾವು, ಅಂಗವೈಕಲ್ಯ ಆದರೆ ಮೊದಲೂ 5 ವರ್ಷ ಬೇಕಿರಲಿಲ್ಲ, ಈಗಲೂ ಬೇಡ. ನಿಮ್ಮಂಥವರಿಗೆ ನಿಜವಾಗಿ ಬದಲಾದದ್ದು "ವೇತನ"ದ ವ್ಯಾಖ್ಯೆ. ಭತ್ಯೆಗಳು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿಯಾದರೆ ಜಾಸ್ತಿಯಾದ ಭಾಗವನ್ನು ವೇತನಕ್ಕೇ ಸೇರಿಸುತ್ತಾರೆ. ಬೇಸಿಕ್ ಶೇ. 30 ಇಟ್ಟು ಉಳಿದದ್ದನ್ನು ಸ್ಪೆಷಲ್ ಅಲೋಯನ್ಸ್ ಅಂತ ಬರೆಯುತ್ತಿದ್ದ ಕಂಪನಿಗಳಿಗೆ ಇದು ತಲೆನೋವು, ದೊಡ್ಡ ಸಂಬಳದವರ ಗ್ರಾಚ್ಯುಟಿ ಏರುತ್ತದೆ. 20 ಲಕ್ಷದ ಮಿತಿ ಮಾತ್ರ ಹಾಗೇ ಇದೆ. ಅದಕ್ಕಿಂತ ಜಾಸ್ತಿ ಕೊಡಲು ಕಂಪನಿ ಒಪ್ಪಬಹುದು, ಆದರೆ ಮೇಲಿನದಕ್ಕೆ ತೆರಿಗೆ ಬೀಳುತ್ತದೆ.

ಕೋರ್ಟ್ ರಸ್ತೆ
ಗುಮಾಸ್ತರ ಮಗ, ನಿಮ್ಮ ಅಪ್ಪಯ್ಯ ಜೂನ್ 2025ರಲ್ಲೇ ಬಿಟ್ಟದ್ದರಿಂದ ಹಳೆಯ ಕಾಯ್ದೆಯ ಪ್ರಕಾರವೇ ನಿಮ್ಮ ಲೆಕ್ಕ. ಹೊಸದನ್ನು ತಲೆಗೆ ಹಾಕಿಕೊಳ್ಳಬೇಡಿ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ನಮೂನೆ ಐ, ಅಂದರೆ ಫಾರ್ಮ್ 'I'ನಲ್ಲಿ ಮಂಡಿಗೆ ಅರ್ಜಿ, ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ, ಅಕ್ನಾಲೆಜ್‌ಮೆಂಟ್ ಕಾರ್ಡ್ ಸಮೇತ. ಅದು 30 ದಿನದೊಳಗೆ ಕೊಡಬೇಕಿತ್ತು ನಿಜ, ತಡವಾದರೆ ಹಕ್ಕು ಸಾಯುವುದಿಲ್ಲ. ಯಾಕಂದರೆ ನೌಕರ ಅರ್ಜಿ ಹಾಕಲಿ ಬಿಡಲಿ, ಲೆಕ್ಕ ಮಾಡಿ ತಿಳಿಸಿ 30 ದಿನದಲ್ಲಿ ಕೊಡುವುದು ಮಾಲೀಕನ ಕೆಲಸ ಅಂತ ಸೆಕ್ಷನ್ 7 ಹೇಳುತ್ತದೆ. "ನೀವು ಕೇಳಲೇ ಇಲ್ಲ" ಅನ್ನೋದಕ್ಕೆ ಅಲ್ಲಿ ಜಾಗವಿಲ್ಲ. ಕೊಡದಿದ್ದರೆ ಕಾರ್ಮಿಕ ಇಲಾಖೆಯ ನಿಯಂತ್ರಣ ಪ್ರಾಧಿಕಾರಕ್ಕೆ ನಮೂನೆ ಎನ್. ಇದಕ್ಕೆ 90 ದಿನದ ಅವಧಿ ಇದೆ, ತಡಕ್ಕೆ ಕಾರಣ ಬರೆದು ಕೇಳಿದರೆ ಮನ್ನಾ ಮಾಡುವ ಅಧಿಕಾರ ಅವರಿಗಿದೆ. ಅಪ್ಪಯ್ಯನ ಕಣ್ಣಿನ ಚಿಕಿತ್ಸೆಯ ಕಾಗದ ಲಗತ್ತಿಸಿ. ವಕೀಲರು ಬೇಕೇ ಬೇಕು ಅಂತಿಲ್ಲ, ನೀವೇ ಹೋಗಬಹುದು. ಅವರಿಗೆ ಸಮನ್ಸ್ ಮಾಡಿ ಮಂಡಿಯ ಪುಸ್ತಕ ತರಿಸುವ ಅಧಿಕಾರವೂ ಇದೆ.

ಬಾಕಿಗೆ ಶೇ. 10ರ ಸರಳ ಬಡ್ಡಿ. 1,73,000ಕ್ಕೆ ವರ್ಷಕ್ಕೆ 17,300. ಆದೇಶ ಆದ ಮೇಲೂ ಕೊಡದಿದ್ದರೆ ಜಿಲ್ಲಾಧಿಕಾರಿಗೆ ಸರ್ಟಿಫಿಕೇಟ್ ಹೋಗುತ್ತದೆ, ಭೂ ಕಂದಾಯದ ಬಾಕಿಯ ಹಾಗೆ ವಸೂಲಿ. ಮಾಲೀಕರು ಮೇಲ್ಮನವಿ ಹೋಗಬೇಕಾದರೆ ಪೂರ್ತಿ ಮೊತ್ತ ಮೊದಲು ಠೇವಣಿ ಇಡಬೇಕು. ಸುಮ್ನೆ ಎಳೆದಾಡುವ ಚಾಳಿಗೆ ಇದೇ ಒಳ್ಳೆ ಕಡಿವಾಣ.

ಅಡಿಕೆಗೊನೆ
ಕಳ್ಳತನ ಮಾಡಿದ, ಲೆಕ್ಕ ತಿರುಚಿದ ಅಂತ ಅವರು ಆರೋಪ ಹಾಕಿಬಿಟ್ಟರೆ?

ಕೋರ್ಟ್ ರಸ್ತೆ
ಒಳ್ಳೆ ಪ್ರಶ್ನೆ, ಇದು ನಡೆಯುತ್ತದೆ. ನೀತಿಗೆಟ್ಟ ಅಪರಾಧಕ್ಕಾಗಿ ಕೆಲಸದಿಂದ ತೆಗೆದರೆ ಗ್ರಾಚ್ಯುಟಿ ಮುಟ್ಟುಗೋಲು ಹಾಕಬಹುದು. ಅದಕ್ಕೆ ಕ್ರಿಮಿನಲ್ ಕೋರ್ಟಿನ ಶಿಕ್ಷೆ ಆಗಿರಲೇಬೇಕು ಅಂತಿಲ್ಲ ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಆ ಕಾರಣಕ್ಕೇ ವಜಾ ಮಾಡಿರಬೇಕು. ಶಾಲು ಹೊದಿಸಿ ಕಳಿಸಿದ ಮೇಲೆ ಕಳ್ಳ ಅನ್ನೋಕೆ ಆಗುತ್ತದಾ?

ಗುಮಾಸ್ತರ ಮಗ
ಅಪ್‌ಡೇಟ್. ನಮೂನೆ ಐ ಕಳಿಸಿ ಕಾರ್ಡ್ ವಾಪಸ್ ಬಂತು. ಮರುದಿನವೇ ಸಾಹುಕಾರರ ಮಗ ಫೋನ್ ಮಾಡಿ "ಮಂಡಿಗೆ ಬನ್ನಿ, ಕಾಫಿ ಕುಡಿದು ಮಾತಾಡೋಣ, ಇನ್ನು 50 ಸಾವಿರ ಕೊಡ್ತೇವೆ, ಮದುವೆ ಸಾಲಾನೂ ಬಿಟ್ವಿ" ಅಂದರು. ಅಪ್ಪಯ್ಯ ಹೊರಟೇ ಬಿಟ್ಟಿದ್ದರು, ಅಕ್ಕ ತಡೆದಳು. ಹೊನ್ನಾಳಿ ಕಡೆಯ ಒಬ್ಬ ಬೆಳೆಗಾರರು 2003ರ ಪಟ್ಟಿ ತೆಗೆದುಕೊಟ್ಟರು, ಅಪ್ಪಯ್ಯನದೇ ಅಕ್ಷರ. ಹೋಗಲಾ ಬೇಡವಾ ಸರ್?

ಕೋರ್ಟ್ ರಸ್ತೆ
ಹೋಗಿ, ಕಾಫಿ ಕುಡಿಯಿರಿ. ಆದರೆ ಅಕ್ಕನನ್ನು ಕರೆದುಕೊಂಡು ಹೋಗಿ. ಅಲ್ಲಿ ಏನಕ್ಕೂ ಸಹಿ ಬೇಡ. 1,73,000 ಮತ್ತು ಬಡ್ಡಿ ಅಂತ ಬರೆದ ಒಂದು ಹಾಳೆ ಅವರ ಕೈಗೆ ಕೊಡಿ. ಬಡ್ಡಿ ಬಿಡುತ್ತೀರಾ ಅಂತ ಕೇಳಿದರೆ ಅದು ನಿಮ್ಮ ಇಷ್ಟ, ಅಸಲು ಬಿಡಬೇಡಿ. ದುಡ್ಡು ಬ್ಯಾಂಕಿಗೇ ಬರಲಿ.

ಮಂಡಿ ಮಾಲೀಕ
ಇಷ್ಟು ದಿನ ಓದುತ್ತಿದ್ದೆ. ನನ್ನದೂ ಮಂಡಿಯೇ, ಸಣ್ಣದು, 11 ಜನ ಇದ್ದಾರೆ. ಎಲ್ಲರೂ ನಮ್ಮನ್ನು ಬೈದದ್ದಾಯಿತು. ಕಮಿಷನ್ ಮೇಲೆ ನಡೆಯುವ ವ್ಯಾಪಾರ ನಮ್ಮದು, ಒಂದೇ ವರ್ಷ ಇಬ್ಬರು ಹಳಬರು ಬಿಟ್ಟರೆ 5 ಲಕ್ಷ ಎಲ್ಲಿಂದ ತರುವುದು? ಕೊಡಬಾರದು ಅಂತಲ್ಲ, ಒಟ್ಟಿಗೆ ಆಗುವುದಿಲ್ಲ.

ಹೊಸನಗರ ಟು ಬೆಂಗಳೂರು
ನಿಮ್ಮ ಕಷ್ಟ ನಿಜವಾದದ್ದೇ ಸರ್. ಅದಕ್ಕೇ ಕರ್ನಾಟಕ ಸರ್ಕಾರ 2024ರ ಜನವರಿಯಲ್ಲಿ ಕಡ್ಡಾಯ ಗ್ರಾಚ್ಯುಟಿ ವಿಮೆಯ ನಿಯಮ ತಂದದ್ದು. ಎಲ್‌ಐಸಿ ಅಥವಾ ಬೇರೆ ವಿಮಾ ಕಂಪನಿಯ ಗುಂಪು ಗ್ರಾಚ್ಯುಟಿ ಪಾಲಿಸಿ ತಗೊಂಡು ವರ್ಷ ವರ್ಷ ಕಟ್ಟುತ್ತಾ ಹೋದರೆ ಒಬ್ಬರು ಬಿಟ್ಟಾಗ ದುಡ್ಡು ಅಲ್ಲಿಂದ ಬರುತ್ತದೆ. ಈ ನಿಯಮ ಇದೆ ಅಂತ ಗೊತ್ತೇ ಇಲ್ಲದ ಮಾಲೀಕರು ಬಹಳ ಜನ, ನಮ್ಮ ಕಡೆಯಂತೂ ಕೇಳಿದವರೇ ಕಡಿಮೆ.

ಮಂಡಿ ಮಾಲೀಕ
11 ಜನರ ಸೇರಿದ ತಾರೀಕು, ಸಂಬಳ ಕೊಟ್ಟರೆ ಎಷ್ಟು ಕಟ್ಟಬೇಕು ಅಂತ ಅವರೇ ಹೇಳುತ್ತಾರಾ?

ಹೊಸನಗರ ಟು ಬೆಂಗಳೂರು
ಹೇಳುತ್ತಾರೆ. ಹುಟ್ಟಿದ ತಾರೀಕೂ ಬೇಕು. ಹಳೆಯ ವರ್ಷಗಳ ಬಾಕಿ ಸೇರಿ ಮೊದಲ ಕಂತು ದೊಡ್ಡದಾಗಿ ಕಾಣುತ್ತದೆ, ಅದನ್ನು ಕಂತಿನಲ್ಲಿ ಕಟ್ಟಲು ಬಿಡುತ್ತೀರಾ ಅಂತ ಕೇಳಿ ನೋಡಿ. ಸೇರಿದ ತಾರೀಕು ಮಾತ್ರ ನಿಜವಾದದ್ದನ್ನೇ ಬರೆಯಿರಿ ಸರ್.